ಫ್ಯಾನಿನ ಮೊದಲ ಸುತ್ತು

ಮಕ್ಕಳೇ, ಮಧ್ಯಾಹ್ನದ ಊಟ ಮುಗಿಸಿ ಚಾಪೆಯ ಮೇಲೆ ಅಂಗಾತ ಮಲಗಿದಾಗ ಒಂದು ಕೆಲಸ ಮಾಡಿ. ಫ್ಯಾನಿನ ಸ್ವಿಚ್ ಆರಿಸಿ, ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಮತ್ತೆ ಸ್ವಿಚ್ ಹಾಕಿ ಕಣ್ಣು ಮಿಟುಕಿಸದೆ ನೋಡಿ. ಆ ಮೊದಲ ಅರ್ಧ ಸುತ್ತಿನಲ್ಲಿ ಏನಾಗುತ್ತದೆ? ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಫ್ಯಾನ್ ಅನುಮಾನ ಮಾಡುವುದಿಲ್ಲ. ದಿನವೂ ಒಂದೇ ದಿಕ್ಕಿಗೆ, ನಿಧಾನವಾಗಿ ಹೊರಟು, ಆಮೇಲೆ ವೇಗ ಹಿಡಿಯುತ್ತದೆ. ಈ ದಿಕ್ಕನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ಇವತ್ತು ಅದನ್ನೇ ಹುಡುಕೋಣ.

ನಮ್ಮ ಕಡೆ ಫ್ಯಾನಿನ ವಿಷಯ ಸಣ್ಣದಲ್ಲ ಬಿಡಿ. ಏಪ್ರಿಲ್ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಯಾದಗಿರಿಯ ಕೋಟೆ ಗುಡ್ಡ, ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಸುರಪುರದ ಸುತ್ತಲಿನ ಬಂಡೆಗಳು, ಹಗಲೆಲ್ಲ ಕಾದ ಈ ಕಲ್ಲುಗಳು ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಲೇ ಇರುತ್ತವೆ. ರಾತ್ರಿ ಫ್ಯಾನ್ ನಿಂತಿತೆಂದರೆ ಮನೆಯವರೆಲ್ಲ ಎದ್ದು ಕೂತರೆಂದೇ ಲೆಕ್ಕ.

ಮೊದಲು ಒಂದು ಒಗಟು. ಫ್ಯಾನಿಗೆ ಕರೆಂಟು ಬರುವುದು ಛಾವಣಿಯಿಂದ ಇಳಿದ ತಂತಿಯಲ್ಲಿ. ಫ್ಯಾನ್ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ಹೊಡೆಯುತ್ತದೆ. ಹಾಗಿದ್ದರೆ ಆ ತಂತಿ ಯಾಕೆ ಹುರಿಗೊಂಡು ಹರಿದುಹೋಗುವುದಿಲ್ಲ? ಉತ್ತರ ಹೇಳುವ ಮೊದಲು ಸ್ವಲ್ಪ ಯೋಚಿಸಿ. ಇಷ್ಟು ವರ್ಷ ಫ್ಯಾನಿನ ಕೆಳಗೆ ಮಲಗಿಯೂ ಈ ಪ್ರಶ್ನೆ ಹೊಳೆಯದ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ.

ಉತ್ತರ ಕಣ್ಣಾರೆ ಕಾಣಬೇಕೆಂದರೆ ಪೇಟೆಯಲ್ಲಿ ಸುಟ್ಟ ತಂತಿ ತೆಗೆದು ಹೊಸದು ಸುತ್ತುವ ಯಾವುದಾದರೂ ರಿವೈಂಡಿಂಗ್ ಅಂಗಡಿಗೆ ಹೋಗಬೇಕು. ಬೇಸಿಗೆ ಶುರುವಾದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರೆಕ್ಕೆ ಕಳಚಿದ ಫ್ಯಾನುಗಳು ಸಾಲಾಗಿ ಬಿದ್ದಿರುತ್ತವೆ, ಒಂದು ಮೂಲೆಯಲ್ಲಿ ಸುಟ್ಟು ಕಪ್ಪಾದ ಹಳೆಯ ತಂತಿಯ ಗುಡ್ಡೆ, ಗಾಳಿಯಲ್ಲೆಲ್ಲ ವಾರ್ನಿಶ್ ವಾಸನೆ. ಅಂಗಡಿಯವರಿಗೆ ಬಿಡುವಿದ್ದಾಗ ಮೆಲ್ಲಗೆ ಕೇಳಿ: “ಕಾಕಾ, ಫ್ಯಾನಿನ ಒಳಗ ಏನದ, ಸ್ವಲ್ಪ ತೋರಸ್ತೀರೇನ್ರೀ?” ಕೇಳಿದ ಮಕ್ಕಳಿಗೆ ಇಲ್ಲ ಎನ್ನುವವರು ಕಡಿಮೆ.

ಅವರು ನಾಲ್ಕಾರು ಸ್ಕ್ರೂ ಬಿಚ್ಚಿ ದುಂಡನೆಯ ಡಬ್ಬಿಯನ್ನು ಎರಡು ಹೋಳು ಮಾಡುತ್ತಾರೆ. ಒಳಗೆ ತೆಳ್ಳನೆಯ ಕಬ್ಬಿಣದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಗುಂಡನೆಯ ತುಂಡು ಕಾಣುತ್ತದೆ. ಅದರ ಅಂಚಿನ ಸುತ್ತ ಸೀಳುಗಳು. ಸೀಳುಗಳ ಒಳಗೆ ಕೂದಲಿಗಿಂತ ತುಸು ದಪ್ಪನೆಯ, ಕೆಂಪಗೆ ಹೊಳೆಯುವ ತಾಮ್ರದ ತಂತಿಯ ಸುರುಳಿಗಳು. ಈ ತುಂಡು ಛಾವಣಿಯಿಂದ ಬಂದ ಕೊಳವೆಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಇದು ತಿರುಗುವುದೇ ಇಲ್ಲ! ತಂತಿ ಬಂದು ಸೇರುವುದು ಇದಕ್ಕೆ. ತಿರುಗುವುದು ಹೊರಗಿನ ಡಬ್ಬಿ. ರೆಕ್ಕೆಗಳನ್ನು ಬಿಗಿದಿರುವುದು ಆ ಡಬ್ಬಿಗೆ.

ಈಗ ಆ ಡಬ್ಬಿಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲೊಂದು ಕಬ್ಬಿಣದ ಬಳೆ ಇದೆ. ಬಳೆಯೊಳಗೆ ಅಲ್ಯೂಮಿನಿಯಂ ಪಟ್ಟಿಗಳು ಸ್ವಲ್ಪ ಓರೆಯಾಗಿ ಸಾಲುಸಾಲಾಗಿ ಕೂತಿವೆ. ಎಲ್ಲ ಪಟ್ಟಿಗಳ ತುದಿಗಳನ್ನೂ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಉಂಗುರ ಕೂಡಿಸಿದೆ. ಅಷ್ಟೇ. ಒಂದು ತಂತಿಯೂ ಇಲ್ಲ, ಆಯಸ್ಕಾಂತವೂ ಇಲ್ಲ. ತಂತಿ ಇರುವ ಭಾಗ ತಿರುಗುವುದಿಲ್ಲ, ತಿರುಗುವ ಭಾಗಕ್ಕೆ ತಂತಿ ಇಲ್ಲ. ಒಗಟು ಬಿಡಿಸಿಕೊಂಡಿತು, ಆದರೆ ಅದರ ಹೊಟ್ಟೆಯಿಂದ ಇನ್ನೂ ದೊಡ್ಡ ಒಗಟು ಹೊರಬಂತು: ಮುಟ್ಟದೆ, ತಂತಿಯಿಲ್ಲದೆ, ಒಳಗಿನದು ಹೊರಗಿನದನ್ನು ಹೇಗೆ ತಿರುಗಿಸುತ್ತದೆ?

ತಾಮ್ರದ ಸುರುಳಿಯಲ್ಲಿ ಕರೆಂಟು ಹರಿದರೆ, ಅದು ಹರಿಯುವಷ್ಟು ಹೊತ್ತು ಸುರುಳಿ ಆಯಸ್ಕಾಂತವಾಗುತ್ತದೆ. ಶಾಲೆಯಲ್ಲಿ ಮೊಳೆಗೆ ತಂತಿ ಸುತ್ತಿ, ಶೆಲ್ಲಿಗೆ ಜೋಡಿಸಿ, ಗುಂಡುಸೂಜಿ ಎತ್ತಿದ್ದರೆ ಇದು ನಿಮಗೆ ಗೊತ್ತೇ ಇರುತ್ತದೆ. ಮನೆಯ ಕರೆಂಟಿಗೆ ಇನ್ನೊಂದು ಗುಣ ಇದೆ. ಶೆಲ್ಲಿನ ಕರೆಂಟು ಒಂದೇ ಕಡೆಗೆ ಹರಿದರೆ, ಮನೆಯ ಕರೆಂಟು ಮುಂದಕ್ಕೆ ಹರಿದು, ನಿಂತು, ಹಿಂದಕ್ಕೆ ಹರಿದು, ಮತ್ತೆ ನಿಂತು ಮುಂದಕ್ಕೆ ಹೋಗುತ್ತದೆ. ಹೀಗೆ ಹೋಗಿ ಬರುವುದು ಒಂದು ಸೆಕೆಂಡಿಗೆ 50 ಸಲ. ಹಾಗಾಗಿ ಸುರುಳಿಯ ಆಯಸ್ಕಾಂತವೂ ತನ್ನ ಉತ್ತರ ದಕ್ಷಿಣವನ್ನು ಅದೇ ತಾಳಕ್ಕೆ ಅದಲು ಬದಲು ಮಾಡುತ್ತಿರುತ್ತದೆ.

ಈ 50ರ ತಾಳ ಎಲ್ಲಿಂದ ಬರುತ್ತದೆ ಗೊತ್ತೇ? ಕರೆಂಟು ಹುಟ್ಟಿಸುವ ಯಂತ್ರಗಳಿಂದ. ನಮ್ಮ ಸುರಪುರ ತಾಲ್ಲೂಕನ್ನು ದಾಟಿ ಹೋಗುವ ಕೃಷ್ಣೆ ಮುಂದೆ ರಾಯಚೂರು ಜಿಲ್ಲೆಯ ಶಕ್ತಿನಗರ ಮುಟ್ಟುತ್ತಾಳೆ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಆವಿಯ ಬಲಕ್ಕೆ ದೈತ್ಯ ಯಂತ್ರಗಳು ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಭಾಗಿಸಿ ನೋಡಿ, ಸೆಕೆಂಡಿಗೆ 50. ಇನ್ನೊಂದು ಮಾತು. ಮೊದಲು ದಕ್ಷಿಣ ಭಾರತದ ತಾಳ ಬೇರೆ, ಉಳಿದ ದೇಶದ ತಾಳ ಬೇರೆ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಲೈನು ಎರಡನ್ನೂ ಕೂಡಿಸಿತು. ಅಂದಿನಿಂದ ಶಹಾಪುರದ ಫ್ಯಾನಿಗೂ ದಿಲ್ಲಿಯ ಫ್ಯಾನಿಗೂ ಒಂದೇ ತಾಳ. ಆ ತಂತಿ ಶುರುವಾಗುವುದು ನಮ್ಮ ಪಕ್ಕದ ಜಿಲ್ಲೆಯಲ್ಲಿ ಎನ್ನುವುದು ನನಗೆ ಒಳಗೊಳಗೇ ಹೆಮ್ಮೆ.

ಇರಲಿ, ಫ್ಯಾನಿಗೆ ಬರೋಣ. ಹಿಂದಕ್ಕೂ ಮುಂದಕ್ಕೂ ಹೋಗುವ ಕರೆಂಟಿನಿಂದ ಗುಂಡಗೆ ತಿರುಗುವುದು ಹೇಗೆ ಹುಟ್ಟುತ್ತದೆ? ಎಲ್ಲಕ್ಕಿಂತ ಸೊಗಸಾದ ಭಾಗ ಇದೇ. ಇದಕ್ಕೆ ಅಜ್ಜಿಯ ಮನೆಯ ಬೀಸುವ ಕಲ್ಲು ಬೇಕು.

ಬೀಸುವ ಕಲ್ಲಿನ ಮುಂದೆ ಕೂತಿದ್ದೀರಿ ಎಂದುಕೊಳ್ಳಿ. ಮೇಲಿನ ಕಲ್ಲಿನ ಅಂಚಿನಲ್ಲಿ ಹಿಡಿಯುವ ಗೂಟ ಇದೆ. ಜೋಳದ ಮುಕ್ಕು ಹಾಕಿ ಆಗಿದೆ. ಈಗ ಒಂದು ಶರತ್ತು: ನೀವು ಗೂಟವನ್ನು ಎದೆಯ ಕಡೆಗೆ ನೇರ ಎಳೆಯಬಹುದು, ಎದೆಯಿಂದ ಆಚೆಗೆ ನೇರ ದೂಡಬಹುದು. ಪಕ್ಕಕ್ಕೆ ಹೊರಳಿಸುವಂತಿಲ್ಲ. ಗೂಟ ನಿಮ್ಮ ಎದುರಿಗೇ, ಎದೆಗೆ ಹತ್ತಿರ ಇರುವಾಗ ಎಳೆಯಿರಿ. ಕಲ್ಲು ತಿರುಗುತ್ತದೆಯೇ? ಇಲ್ಲ. ದೂಡಿ. ಆಗಲೂ ಇಲ್ಲ. ನಿಮ್ಮ ಬಲವೆಲ್ಲ ಕಲ್ಲಿನ ನಡುವಿನ ಗೂಟದ ಮೇಲೆ ಬೀಳುತ್ತದೆ. ಕಲ್ಲು ಮಿಸುಕಾಡುತ್ತದೆ, ಕಿರುಗುಡುತ್ತದೆ, ಸುತ್ತುವುದಿಲ್ಲ. ಎಡಕ್ಕೋ ಬಲಕ್ಕೋ ಎಂದು ಅದಕ್ಕೆ ಯಾರೂ ಹೇಳಿಲ್ಲವಲ್ಲ!

ಈಗ ನಿಮ್ಮ ಅಕ್ಕನನ್ನು ಕರೆಯಿರಿ. ಅವಳು ಎದುರಿಗೆ ಬೇಡ, ನಿಮ್ಮ ಬಲಪಕ್ಕಕ್ಕೆ, ಕಲ್ಲಿನ ಇನ್ನೊಂದು ಬದಿಯಲ್ಲಿ ಕೂರಲಿ. ಅವಳಿಗೂ ಅದೇ ಶರತ್ತು, ನೇರ ಎಳೆಯುವುದು, ನೇರ ದೂಡುವುದು. ಗೂಟ ನಿಮ್ಮ ಹತ್ತಿರ ಇದ್ದಾಗ ಅವಳು ತನ್ನ ಕಡೆಗೆ ಎಳೆಯುತ್ತಾಳೆ. ಕಲ್ಲು ಕಾಲು ಸುತ್ತು ಬಂತು. ಈಗ ನೀವು ಆಚೆಗೆ ದೂಡುತ್ತೀರಿ, ಇನ್ನೊಂದು ಕಾಲು ಸುತ್ತು. ಆಮೇಲೆ ಅವಳು ದೂಡುತ್ತಾಳೆ, ನೀವು ಎಳೆಯುತ್ತೀರಿ. ಕಲ್ಲು ಗರಗರ ತಿರುಗತೊಡಗಿತು. ಇಬ್ಬರೂ ಹೋಗಿ ಬರುವ ಕೆಲಸವನ್ನಷ್ಟೇ ಮಾಡುತ್ತಿದ್ದೀರಿ. ಆದರೆ ಇಬ್ಬರ ಸರದಿ ಒಂದರ ಹಿಂದೆ ಒಂದು ಬರುವುದರಿಂದ ಎರಡು ನೇರ ಎಳೆತಗಳು ಸೇರಿ ಒಂದು ಸುತ್ತಾಯಿತು.

ಇಬ್ಬರೂ ಒಂದೇ ಗಳಿಗೆಗೆ ಎಳೆದರೆ? ಗೂಟ ನಿಮ್ಮಿಬ್ಬರ ನಡುವಿನ ಮೂಲೆಗೆ ಬಂದು ನಿಂತುಬಿಡುತ್ತದೆ. ಜನ ಇಬ್ಬರಿದ್ದರೆ ಸಾಲದು, ಸರದಿ ಹಿಂದುಮುಂದಾಗಬೇಕು. ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಫ್ಯಾನಿನ ಗುಟ್ಟೆಲ್ಲ ಇದರಲ್ಲೇ ಇದೆ.

ಫ್ಯಾನಿನ ಒಳಗಿನ ತಾಮ್ರದ ಸುರುಳಿಗಳೂ ಎರಡು ಗುಂಪು. ಒಂದು ಗುಂಪು ನೀವು, ಇನ್ನೊಂದು ಗುಂಪು ಅಕ್ಕ. ಅಂಗಡಿಯವರು ಇವನ್ನು ರನ್ನಿಂಗ್, ಸ್ಟಾರ್ಟಿಂಗ್ ಎನ್ನುತ್ತಾರೆ. ಎರಡನ್ನೂ ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ ಇರುವಂತೆ, ಒಂದರ ಸಂದಿನಲ್ಲಿ ಇನ್ನೊಂದು ಬರುವಂತೆ ಕೂರಿಸಿರುತ್ತಾರೆ. ತೊಂದರೆ ಏನೆಂದರೆ, ಎರಡಕ್ಕೂ ಬರುವುದು ಒಂದೇ ಸ್ವಿಚ್ಚಿನ ಒಂದೇ ಕರೆಂಟು. ಒಂದೇ ಕರೆಂಟು, ಒಂದೇ ತಾಳ, ಇಬ್ಬರೂ ಒಟ್ಟಿಗೇ ಎಳೆಯುತ್ತಾರೆ. ಕಲ್ಲು ಮೂಲೆಯಲ್ಲಿ ನಿಲ್ಲುತ್ತದೆ. ಅಕ್ಕನ ಸರದಿಯನ್ನು ಸ್ವಲ್ಪ ಮುಂಚೆ ತರಬೇಕಲ್ಲ, ಹೇಗೆ?

ಅದಕ್ಕೇ ಕಂಡೆನ್ಸರ್. ಫ್ಯಾನಿನ ಮೇಲುಗಡೆ, ಕೊಳವೆಗೆ ಹಾಕಿದ ಟೋಪಿಯೊಳಗೆ ಅವಿತು ಕೂತಿರುವ ಹೆಬ್ಬೆಟ್ಟು ಗಾತ್ರದ ಬಿಳಿಯೋ ಕಪ್ಪೋ ಡಬ್ಬಿ. ಪುಸ್ತಕದಲ್ಲಿ ಇದರ ಹೆಸರು ಕೆಪಾಸಿಟರ್, ಧಾರಕ ಎಂದೂ ಬರೆಯುತ್ತಾರೆ. ಅದರ ಮೈಮೇಲೆ 2.5 ಎಂದೋ 3.15 ಎಂದೋ ಅಂಕಿ ಇರುತ್ತದೆ. ಅದು ಮೈಕ್ರೋಫ್ಯಾರಡ್ ಲೆಕ್ಕ, ಎಷ್ಟು ವಿದ್ಯುತ್ತನ್ನು ಹಿಡಿದಿಡಬಲ್ಲದು ಎನ್ನುವ ಅಳತೆ. ಒಳಗೆ ಲೋಹದ ಲೇಪ ಇರುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿರುತ್ತಾರೆ. ಎರಡು ಲೋಹದ ಪದರ, ನಡುವೆ ಕರೆಂಟು ದಾಟದ ಪ್ಲಾಸ್ಟಿಕ್. ಬಂದ ವಿದ್ಯುತ್ತು ದಾಟಿ ಹೋಗಲಾರದೆ ಪದರಗಳ ಮೇಲೆ ಶೇಖರವಾಗುತ್ತದೆ. ಕರೆಂಟು ಹಿಂದಕ್ಕೆ ತಿರುಗಿದಾಗ ಬರಿದಾಗಿ, ಮತ್ತೆ ಇನ್ನೊಂದು ಕಡೆಯಿಂದ ತುಂಬುತ್ತದೆ.

ಇದು ಖಾಲಿ ಇರುವಾಗ ಒಳಗೆ ನುಗ್ಗುವ ಕರೆಂಟು ಬಲು ಜೋರು. ತುಂಬುತ್ತ ಬಂದಂತೆ ಕಡಿಮೆ. ಪೂರ್ತಿ ತುಂಬುವ ಹೊತ್ತಿಗೆ, ಲೈನಿನ ಒತ್ತಡ (ವೋಲ್ಟೇಜ್) ತುದಿ ಮುಟ್ಟಿದ್ದರೂ, ಹರಿವು ನಿಂತೇ ಹೋಗಿರುತ್ತದೆ. ಅಂದರೆ ಕಂಡೆನ್ಸರ್ ಇರುವ ದಾರಿಯಲ್ಲಿ ಹರಿವಿನ ಜೋರು ಮೊದಲೇ ಬಂದುಬಿಡುತ್ತದೆ. ಬರೀ ಸುರುಳಿಯ ಗುಣ ಇದಕ್ಕೆ ತಿರುಗಾಮುರುಗಾ. ಅಲ್ಲಿ ಹರಿವು ಹಿಂದೆ ಬೀಳುತ್ತದೆ. ಹೀಗೆ ಒಂದು ಗುಂಪು ಮುಂಚೆ, ಒಂದು ಗುಂಪು ತಡ. ಅಕ್ಕ ಮೊದಲು, ನೀವು ಆಮೇಲೆ. ಒಂದೇ ಕರೆಂಟಿನಿಂದ ಎರಡು ಸರದಿ! ಕಲ್ಲು ಹೊರಟಿತು.

ದಿಕ್ಕು ಗೊತ್ತಾಗುವುದೂ ಇಲ್ಲಿಯೇ. ಯಾರ ಸರದಿ ಮೊದಲೋ ಅದರ ಮೇಲೆ ಎಡವೋ ಬಲವೋ ತೀರ್ಮಾನ. ರಿಪೇರಿಗೆ ಹೋಗಿ ಬಂದ ಫ್ಯಾನ್ ಜೋರಾಗಿ ತಿರುಗಿದರೂ ಕೆಳಗೆ ಗಾಳಿಯೇ ಬಾರದಿರುವುದನ್ನು ಕೆಲವರು ಕಂಡಿರಬಹುದು. ಕಂಡೆನ್ಸರಿನ ತಂತಿ ಒಂದು ಗುಂಪಿನ ಬದಲು ಇನ್ನೊಂದಕ್ಕೆ ಸೇರಿರುತ್ತದೆ. ಸರದಿ ಉಲ್ಟಾ, ಫ್ಯಾನ್ ಉಲ್ಟಾ, ಗಾಳಿಯೆಲ್ಲ ಛಾವಣಿಗೆ. ತಂತಿ ಬದಲಿಸುವುದು ಎರಡು ನಿಮಿಷದ ಕೆಲಸ.

ಬೀಸುವ ಕಲ್ಲಿಗೆ ಗೂಟ ಇದೆ, ಫ್ಯಾನಿನ ಡಬ್ಬಿಗೆ ಗೂಟ ಎಲ್ಲಿದೆ ಎಂದು ಕೇಳುತ್ತೀರಿ. ಕೇಳಲೇಬೇಕು. 1824ರಲ್ಲಿ ಪ್ಯಾರಿಸಿನ ಫ್ರಾನ್ಸ್ವಾ ಅರಾಗೋ ಎಂಬ ವಿಜ್ಞಾನಿ ಒಂದು ತಾಮ್ರದ ತಟ್ಟೆಯನ್ನು ಗರಗರ ತಿರುಗಿಸಿ, ಅದರ ಮೇಲೆ ಮುಟ್ಟದಂತೆ ಒಂದು ಆಯಸ್ಕಾಂತದ ಸೂಜಿಯನ್ನು ತೂಗುಬಿಟ್ಟರು. ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ, ನಿಮಗೆ ಗೊತ್ತು. ಆದರೂ ಸೂಜಿ ತಟ್ಟೆಯ ಹಿಂದೆಯೇ ಸುತ್ತತೊಡಗಿತು! ಯಾಕೆ ಎಂದು ಯಾರಿಗೂ ಬಗೆಹರಿಯಲಿಲ್ಲ. ಏಳು ವರ್ಷ ಕಳೆದ ಮೇಲೆ, 1831ರಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ಉತ್ತರ ಕಂಡರು. ಲೋಹದ ಪಕ್ಕದಲ್ಲಿ ಆಯಸ್ಕಾಂತ ಸರಿದಾಡಿದರೆ ಲೋಹದೊಳಗೆ ತಾನಾಗಿಯೇ ಕರೆಂಟು ಹುಟ್ಟುತ್ತದೆ. ಕರೆಂಟು ಹುಟ್ಟಿದರೆ ಆ ಲೋಹವೂ ಆಯಸ್ಕಾಂತವಾಗುತ್ತದೆ. ಎರಡೂ ಒಂದನ್ನೊಂದು ಎಳೆಯುತ್ತವೆ.

ಫ್ಯಾನಿನಲ್ಲಿ ನಡೆಯುವುದೂ ಅದೇ. ಒಳಗಿನ ಸುರುಳಿಗಳ ಆಯಸ್ಕಾಂತ ಸರದಿಯಂತೆ ಸುತ್ತು ಹೊಡೆಯುತ್ತದೆ. ಸುರುಳಿ ಕದಲುವುದಿಲ್ಲ, ಸುತ್ತುವುದು ಅದರ ಆಯಸ್ಕಾಂತದ ಸೆಳೆತ ಮಾತ್ರ. ಆ ಸೆಳೆತ ಅಲ್ಯೂಮಿನಿಯಂ ಪಟ್ಟಿಗಳನ್ನು ದಾಟಿ ಹೋಗುವಾಗ ಪಟ್ಟಿಗಳೊಳಗೆ ಕರೆಂಟು ಹುಟ್ಟುತ್ತದೆ. ಪಟ್ಟಿಗಳು ಸೆಳೆತದ ಬೆನ್ನು ಹತ್ತುತ್ತವೆ, ಡಬ್ಬಿಯೂ ರೆಕ್ಕೆಯೂ ಅವುಗಳ ಜೊತೆಗೆ ಹೊರಡುತ್ತವೆ. ಇಟಲಿಯ ಗೆಲಿಲಿಯೋ ಫೆರಾರಿಸ್ 1885ರಲ್ಲಿ ಇಂಥ ಮೋಟಾರು ಮಾಡಿ ತೋರಿಸಿದರು, ಅಮೆರಿಕದಲ್ಲಿದ್ದ ನಿಕೋಲಾ ಟೆಸ್ಲಾ 1888ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅರಾಗೋನ ತಾಮ್ರದ ತಟ್ಟೆ ಬದಲಾಗುತ್ತ ಬಂದು ನಿಮ್ಮ ತಲೆಯ ಮೇಲಿನ ಡಬ್ಬಿಯಾಗಿದೆ.

ಇಲ್ಲೊಂದು ಚಂದದ ವಿಷಯ ಇದೆ. ಡಬ್ಬಿ ಓಡಿ ಓಡಿ ಸೆಳೆತವನ್ನು ಪೂರ್ತಿ ಹಿಡಿದುಬಿಟ್ಟರೆ ಏನಾಗುತ್ತದೆ? ಆಗ ಸೆಳೆತ ಪಟ್ಟಿಗಳನ್ನು ದಾಟಿ ಹೋಗುವುದಿಲ್ಲ, ಜೊತೆಯಲ್ಲೇ ಇರುತ್ತದೆ. ದಾಟದಿದ್ದರೆ ಕರೆಂಟು ಹುಟ್ಟದು, ಕರೆಂಟು ಇಲ್ಲದಿದ್ದರೆ ಎಳೆತ ಇಲ್ಲ. ಆದ್ದರಿಂದ ಡಬ್ಬಿ ಯಾವಾಗಲೂ ಸ್ವಲ್ಪ ಹಿಂದೆಯೇ ಇರಬೇಕು. ಹಿಂದೆ ಬಿದ್ದಷ್ಟು ಹೊತ್ತೂ ಎಳೆತ ಇರುತ್ತದೆ.

ಎಷ್ಟು ಹಿಂದೆ? ಲೆಕ್ಕ ಮಾಡೋಣ, ಸಣ್ಣ ಲೆಕ್ಕ. ಒಳಗಿನ ಸುರುಳಿಗಳು ಸುತ್ತಲೂ 14 ಆಯಸ್ಕಾಂತದ ಮುಖ ಮಾಡುವ ಫ್ಯಾನನ್ನು ತೆಗೆದುಕೊಳ್ಳಿ. ಒಂದು ಉತ್ತರ, ಒಂದು ದಕ್ಷಿಣ, ಹೀಗೆ ಏಳು ಜೋಡಿ. ಕರೆಂಟು ಒಮ್ಮೆ ಹೋಗಿ ಬಂದರೆ ಸೆಳೆತ ಒಂದು ಜೋಡಿಯಷ್ಟು ಮುಂದೆ ಸರಿಯುತ್ತದೆ. ಏಳು ಸಲ ಹೋಗಿ ಬಂದರೆ ಒಂದು ಸುತ್ತು. ಸೆಕೆಂಡಿಗೆ 50 ತಾಳ ಎಂದರೆ ನಿಮಿಷಕ್ಕೆ 3000 ತಾಳ, ಅದನ್ನು ಏಳರಿಂದ ಭಾಗಿಸಿದರೆ ಸುಮಾರು 428 ಸುತ್ತು. ಇದು ಸೆಳೆತದ ವೇಗ. ಫ್ಯಾನ್ ಮಾತ್ರ 380ರ ಆಸುಪಾಸಿನಲ್ಲಿ ತಿರುಗುತ್ತದೆ. ಉಳಿದದ್ದು ಹಿಂದೆ ಬಿದ್ದ ಲೆಕ್ಕ.

ಕಡಿಮೆ ಎನಿಸಿತೇ? 48 ಇಂಚಿನ ಫ್ಯಾನಿನ ರೆಕ್ಕೆಯ ತುದಿ ಒಂದು ಸುತ್ತಿಗೆ ಮೂರೂಮುಕ್ಕಾಲು ಮೀಟರ್ ದಾರಿ ಸವೆಸುತ್ತದೆ. ನಿಮಿಷಕ್ಕೆ 380 ಸುತ್ತು ಎಂದರೆ ಗಂಟೆಗೆ ಸುಮಾರು 86 ಕಿಲೋಮೀಟರ್! ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸೂ ಅಷ್ಟು ಓಡುವುದಿಲ್ಲ. ಮಂಚದ ಮೇಲೆ ನಿಂತು ಕೈ ಎತ್ತಬಾರದು ಎಂದು ಅವ್ವ ಬೈಯುವುದು ಸುಮ್ಮನೆ ಅಲ್ಲ.

ಕಂಡೆನ್ಸರ್ ವರ್ಷಗಳು ಕಳೆದಂತೆ ಸೊರಗುತ್ತದೆ. ಬಿಸಿಗೆ, ವೋಲ್ಟೇಜಿನ ಏರಿಳಿತಕ್ಕೆ ಒಳಗಿನ ಲೋಹದ ಲೇಪ ಅಲ್ಲಲ್ಲಿ ಸುಟ್ಟು, 2.5 ಇದ್ದದ್ದು ಎರಡಕ್ಕೋ ಒಂದೂವರೆಗೋ ಇಳಿಯುತ್ತದೆ. ಅಕ್ಕನ ಕೈ ಸೋತಿತು ಎಂದುಕೊಳ್ಳಿ. ಫ್ಯಾನ್ ಹೊರಡಲು ತಡ ಮಾಡುತ್ತದೆ, ಹೊರಟರೂ ವೇಗ ಬಾರದು. ಪೂರ್ತಿ ಕೆಟ್ಟರೆ ಗುಂಯ್ ಎನ್ನುತ್ತ ನಿಂತಲ್ಲೇ ನಿಲ್ಲುತ್ತದೆ. ಆಗ ಮನೆಯಲ್ಲಿ ಯಾರಾದರೂ ಕೋಲು ತಂದು ರೆಕ್ಕೆಯನ್ನು ಒಮ್ಮೆ ತಳ್ಳುತ್ತಾರೆ. ಫ್ಯಾನ್ ತಿರುಗತೊಡಗುತ್ತದೆ! ಬೀಸುವ ಕಲ್ಲಿಗೂ ಹಾಗೆಯೇ. ಯಾರೋ ಒಮ್ಮೆ ಸುತ್ತಿಸಿಕೊಟ್ಟರೆ, ಆಮೇಲೆ ನೀವೊಬ್ಬರೇ ಎಳೆದು ದೂಡಿದರೂ ಅದು ಸುತ್ತುತ್ತಲೇ ಇರುತ್ತದೆ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಒಬ್ಬನ ನೇರ ಎಳೆತಕ್ಕೆ ತನ್ನದೇ ಆದ ದಿಕ್ಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ನೀವು ಆ ಕೋಲು ಮುಟ್ಟಬೇಡಿ. ನಿಂತು ಗುಂಯ್‌ಗುಡುವ ಮೋಟಾರು ಒಳಗೆ ಕಾಯುತ್ತಿರುತ್ತದೆ, ಸುರುಳಿ ಸುಡಬಹುದು. ಸ್ವಿಚ್ ಆರಿಸಿ ದೊಡ್ಡವರಿಗೆ ಹೇಳಿ. ಕಂಡೆನ್ಸರನ್ನೂ ಮುಟ್ಟಬಾರದು, ಸ್ವಿಚ್ ಆರಿಸಿದ ಮೇಲೂ ಅದರ ಹೊಟ್ಟೆಯಲ್ಲಿ ವಿದ್ಯುತ್ತು ಉಳಿದಿದ್ದು ಜುಮ್ಮೆನ್ನಿಸಬಹುದು. ಅಂಗಡಿಗೆ ಒಯ್ದರೆ ಕಾಕಾ ಒಂದು ಸಲ ಕೈಯಲ್ಲಿ ಡಬ್ಬಿ ಸುತ್ತಿಸಿ, ಬೇರಿಂಗ್ ಸರಿಯಾಗಿ ಹೊರಳುವುದನ್ನು ನೋಡಿ, “ಏನೂ ಆಗಿಲ್ಲ, ಕಂಡೆನ್ಸರ್ ಹೋಗ್ಯಾದ” ಎನ್ನುತ್ತಾರೆ.

ಈಗ ಗೋಡೆಯ ಮೇಲಿನ ರೆಗ್ಯುಲೇಟರಿಗೆ ಬರೋಣ. ಒಂದರಿಂದ ಐದರವರೆಗೆ ಅಂಕಿ. ಇದು ತಾಳವನ್ನು ನಿಧಾನ ಮಾಡುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲ. ದೇಶಕ್ಕೆಲ್ಲ ಒಂದೇ ಆಗಿರುವ ತಾಳವನ್ನು ನಿಮ್ಮ ಮನೆಯ ಗುಂಡಿ ಹೇಗೆ ಬದಲಿಸೀತು? ಅದು ಇಳಿಸುವುದು ಎಳೆಯುವ ಬಲವನ್ನು ಮಾತ್ರ. ಲೈನಿನಲ್ಲಿ ಬರುವ 230 ವೋಲ್ಟಿನಲ್ಲಿ ಸ್ವಲ್ಪವನ್ನು ತಾನು ಇಟ್ಟುಕೊಂಡು ಉಳಿದದ್ದನ್ನು ಫ್ಯಾನಿಗೆ ಬಿಡುತ್ತದೆ. ಸರದಿ ಅದೇ, ತೋಳಿನ ಕಸುವು ಕಡಿಮೆ.

ಕಸುವು ಕಡಿಮೆಯಾದರೆ ವೇಗ ಯಾಕೆ ಇಳಿಯಬೇಕು? ಗಾಳಿ ಅಡ್ಡ ನಿಂತಿದೆಯಲ್ಲ! ರೆಕ್ಕೆ ಗಾಳಿಯನ್ನು ದೂಡುವಾಗ ಗಾಳಿಯೂ ರೆಕ್ಕೆಯನ್ನು ತಡೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಮೋಟಾರಿನ ಎಳೆತವೂ ಗಾಳಿಯ ತಡೆಯೂ ಸಮವಾದ ವೇಗದಲ್ಲಿ ಫ್ಯಾನ್ ನೆಲೆಸುತ್ತದೆ. ಎಳೆತ ಇಳಿಸಿದರೆ ಡಬ್ಬಿ ಸೆಳೆತದಿಂದ ಇನ್ನಷ್ಟು ಹಿಂದೆ ಬೀಳುತ್ತದೆ, ಹೊಸ ಸಮ ಸಿಗುವವರೆಗೆ ನಿಧಾನವಾಗುತ್ತದೆ.

ವೋಲ್ಟೇಜ್ ಅರ್ಧಕ್ಕೆ ಇಳಿದರೆ ಎಳೆತ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಬೀಳುತ್ತದೆ. ಬೇಸಿಗೆಯ ಸಂಜೆ ಎಲ್ಲರ ಮನೆಯ ಫ್ಯಾನು, ಕೂಲರು ಒಟ್ಟಿಗೆ ಓಡಿ ವೋಲ್ಟೇಜ್ ಕುಸಿದಾಗ, ರೆಗ್ಯುಲೇಟರ್ ಐದರಲ್ಲೇ ಇದ್ದರೂ ಫ್ಯಾನ್ ಮೂರರಂತೆ ತೂಕಡಿಸುವುದು ಇದಕ್ಕೇ. ಅದೂ ಸಾಲದೆಂದು ಕಂಡೆನ್ಸರ್ ಸೊರಗಿದ್ದರೆ ಅಂಥ ಸಂಜೆ ಫ್ಯಾನ್ ಹೊರಡುವುದೇ ಇಲ್ಲ. ಒಂದರಲ್ಲಿಟ್ಟು ಸ್ವಿಚ್ ಹಾಕಿದಾಗ ಫ್ಯಾನ್ ತಡವಾಗಿ ಹೊರಡುವುದಕ್ಕೂ ಕಾರಣ ಇದೇ. ಹಳೆಯ ಫ್ಯಾನ್ ಇದ್ದರೆ ಐದರಲ್ಲಿಟ್ಟು ಹೊರಡಿಸಿ, ಆಮೇಲೆ ಇಳಿಸಿ.

ಹಳೆಯ ಶಾಲೆ, ಕಚೇರಿಗಳಲ್ಲಿ ಇಟ್ಟಿಗೆಯಷ್ಟು ದಪ್ಪದ ಕಪ್ಪು ಪೆಟ್ಟಿಗೆಯ ರೆಗ್ಯುಲೇಟರ್ ಈಗಲೂ ಅಲ್ಲಲ್ಲಿ ಸಿಗುತ್ತದೆ. ತಿರುಗಿಸಿದರೆ ಕಟಕ್ ಕಟಕ್ ಎನ್ನುತ್ತದೆ. ಒಳಗೆ ಕರೆಂಟಿಗೆ ಅಡ್ಡಿ ಮಾಡುವ ತಂತಿಯ ಸುರುಳಿ. ಅಡ್ಡಿ ಮಾಡಿದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಫ್ಯಾನ್ ಒಂದರಲ್ಲಿಟ್ಟು ಕರೆಂಟು ಉಳಿಸಿದೆವು ಎಂದುಕೊಂಡರೆ, ಉಳಿದದ್ದರಲ್ಲಿ ಒಂದು ಪಾಲು ಆ ಪೆಟ್ಟಿಗೆಯನ್ನು ಕಾಯಿಸುವುದಕ್ಕೇ ಖರ್ಚಾಗಿರುತ್ತದೆ. ಸೆಕೆಯ ಊರಲ್ಲಿ ತಂಪು ಮಾಡಲು ಹೋಗಿ ಗೋಡೆ ಬಿಸಿ ಮಾಡುವ ಯಂತ್ರ!

ಈಗಿನ ಸಣ್ಣ ರೆಗ್ಯುಲೇಟರ್ ಎರಡು ಬಗೆ. ಗುಂಡಿ ನುಣ್ಣಗೆ ತಿರುಗುವ ಬಗೆಯದು ಪ್ರತಿ ಅರ್ಧ ತಾಳದ ಆರಂಭದ ತುಣುಕನ್ನು ತಡೆದು, ಉಳಿದದ್ದನ್ನು ಮಾತ್ರ ಬಿಡುತ್ತದೆ. ಕತ್ತರಿಸಿದ ಕರೆಂಟಾದ್ದರಿಂದ ಕಡಿಮೆ ವೇಗದಲ್ಲಿ ಫ್ಯಾನ್ ಸಣ್ಣಗೆ ಗುನುಗುತ್ತದೆ. ರಾತ್ರಿ ಕಿವಿಗೊಟ್ಟು ಕೇಳಿ. ಇನ್ನೊಂದು ಬಗೆ ಅಂಕಿಯಿಂದ ಅಂಕಿಗೆ ಹಾರುವಂಥದ್ದು. ಅದರೊಳಗೆ ಏನಿದೆ ಊಹಿಸಿ. ಮತ್ತೆ ಕಂಡೆನ್ಸರ್! ಇಲ್ಲಿ ಅದರ ಕೆಲಸ ಬೇರೆ. ಫ್ಯಾನಿಗೆ ಹೋಗುವ ದಾರಿಯಲ್ಲೇ ಅಡ್ಡ ಕೂತು ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ಸಣ್ಣ ಕಂಡೆನ್ಸರ್ ದಾರಿಗೆ ಬಂದರೆ ವೇಗ ಕಡಿಮೆ, ದೊಡ್ಡದು ಬಂದರೆ ಹೆಚ್ಚು, ಎರಡು ಜೊತೆಗೂಡಿದರೆ ಇನ್ನೂ ಹೆಚ್ಚು. ಐದರಲ್ಲಿ ಯಾವುದೂ ಇಲ್ಲ, ನೇರ ಕರೆಂಟು. ತುಂಬಿಕೊಂಡದ್ದನ್ನು ಮತ್ತೆ ಲೈನಿಗೆ ವಾಪಸು ಕೊಡುವುದರಿಂದ ಇದು ಬಿಸಿಯಾಗುವುದಿಲ್ಲ, ಉಳಿತಾಯವೂ ನಿಜವಾದ ಉಳಿತಾಯ.

ಇತ್ತೀಚೆಗೆ ರಿಮೋಟಿನ ಫ್ಯಾನುಗಳು ಬಂದಿವೆ, ಬಿಎಲ್‌ಡಿಸಿ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಇವುಗಳ ಡಬ್ಬಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಬದಲು ನಿಜವಾದ ಆಯಸ್ಕಾಂತಗಳೇ ಇವೆ. ಕರೆಂಟು ಹುಟ್ಟಿಸಿಕೊಳ್ಳುವ ಹಂಗಿಲ್ಲ, ಹಿಂದೆ ಬೀಳಬೇಕಾಗಿಯೂ ಇಲ್ಲ. ಯಾವ ಸುರುಳಿಯ ಸರದಿ ಯಾವಾಗ ಎಂದು ಒಂದು ಪುಟ್ಟ ಸರ್ಕಿಟ್ ತೀರ್ಮಾನಿಸುತ್ತದೆ. ರೆಗ್ಯುಲೇಟರ್ ಮಾಡಲಾಗದ ಕೆಲಸವನ್ನು ಇದು ಮಾಡುತ್ತದೆ, ತಾಳವನ್ನೇ ಬದಲಿಸುತ್ತದೆ. ಹಾಗಾಗಿ ಲೈನಿನ ವೋಲ್ಟೇಜ್ ತುಸು ಇಳಿದರೂ ವೇಗ ಇಳಿಯದು. ಹಳೆಯ ಫ್ಯಾನ್ 75 ವಾಟ್ ಬೇಡಿದರೆ ಇದಕ್ಕೆ 30ರ ಹತ್ತಿರ ಸಾಕು. ದಿನಕ್ಕೆ 16 ಗಂಟೆ ಓಡಿಸಿದರೆ ತಿಂಗಳಿಗೆ 21 ಯುನಿಟ್ಟಿಗೂ ಹೆಚ್ಚು ಉಳಿತಾಯ, ನೀವೇ ಗುಣಿಸಿ ನೋಡಿ. 2023ರ ಜನವರಿಯಿಂದ ಮಾರುವ ಪ್ರತಿ ಸೀಲಿಂಗ್ ಫ್ಯಾನಿನ ಮೇಲೂ ನಕ್ಷತ್ರದ ಗುರುತು ಕಡ್ಡಾಯ ಆಗಿದೆ. ಅಪ್ಪ ಹೊಸ ಫ್ಯಾನ್ ತರಲು ಹೊರಟರೆ ನೀವೂ ಜೊತೆಗೆ ಹೋಗಿ ಆ ನಕ್ಷತ್ರ ಎಣಿಸಿ.

ಹೊಲ ಇರುವ ಮನೆಯ ಮಕ್ಕಳಿಗೆ ಇನ್ನೊಂದು ಕೆಲಸ. ನಾರಾಯಣಪುರ ಎಡದಂಡೆ ಕಾಲುವೆಯ ಬಯಲಲ್ಲಿ, ಭೀಮೆಯ ದಂಡೆಯಲ್ಲಿ ಎಷ್ಟು ಪಂಪ್‌ಸೆಟ್ಟುಗಳಿವೆ ನೋಡಿ. ಅವುಗಳಲ್ಲಿರುವುದೂ ಇದೇ ಬಗೆಯ ಮೋಟಾರು. ಸಿಂಗಲ್ ಫೇಸ್ ಪಂಪಿನ ಪೆಟ್ಟಿಗೆ ತೆರೆದಾಗ ದೂರ ನಿಂತು ಇಣುಕಿದರೆ ಕಂಡೆನ್ಸರ್ ಕಾಣುತ್ತದೆ. ತ್ರೀ ಫೇಸ್ ಪಂಪು ಹೊರಡುವುದಕ್ಕೆ ಅದು ಬೇಕಿಲ್ಲ. ಯಾಕೆಂದರೆ ಅಲ್ಲಿಗೆ ಬರುವ ಮೂರು ತಂತಿಗಳ ಕರೆಂಟು ಕರೆಂಟಿನ ಮನೆಯಿಂದಲೇ ಒಂದರ ಹಿಂದೆ ಒಂದು ಸರದಿಯಲ್ಲಿ ಹೊರಟಿರುತ್ತದೆ. ಬೀಸುವ ಕಲ್ಲಿನ ಸುತ್ತ ಮೂವರು ಕೂತು ಸರದಿಯಲ್ಲಿ ಎಳೆದ ಹಾಗೆ. ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗಿ ನೀರು ಸರಿಯಾಗಿ ಏರುವುದಿಲ್ಲ. ಲೈನು ರಿಪೇರಿಯಾದ ಮರುದಿನ ಪಂಪು ಓಡಿದರೂ ನೀರು ಬಾರದಿದ್ದರೆ, ಅನುಭವಸ್ಥ ರೈತರು ಮೊದಲು ಕೇಳುವುದು ಆ ಎರಡು ತಂತಿಗಳ ಬಗ್ಗೆಯೇ.